ಹೊಸ ಎಂಟ್ರಿ ಸೇರಿಸಲು ಇನ್ನು ಮುಂದೆ ಒಂದೇ ಸರ್ವರ್

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳಿಂದ ನಿಮ್ಮ ಡೈರೆಕ್ಟರಿಗೆ (ಬಳಕೆದಾರರ ಖಾತೆ, ಗುಂಪುಗಳ ಮಾಹಿತಿ ಇರುವ ಪಟ್ಟಿಗೆ) ಹೊಸ ಎಂಟ್ರಿ, ಅಂದರೆ ಹೊಸ ದಾಖಲೆ, ಸೇರಿಸುವುದು, ಎಂಟ್ರಿಯ ಹೆಸರು ಬದಲಿಸುವುದು, ಅಳಿಸುವುದು, ಈ ಮೂರೂ ಕೆಲಸ ಒಂದೇ ಸರ್ವರ್‌ನಲ್ಲಿ ನಡೆಯುತ್ತವೆ. ಲಾಗಿನ್, ಹುಡುಕಾಟ, ಪಾಸ್‌ವರ್ಡ್ ಬದಲಾವಣೆ ಮಾತ್ರ ಈಗಿನ ಹಾಗೆಯೇ ಯಾವ ಸರ್ವರ್‌ನಲ್ಲಾದರೂ ಆಗುತ್ತವೆ. ಕಾರಣ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ನಾವು ಬಳಸುವುದು 389 ಡೈರೆಕ್ಟರಿ ಸರ್ವರ್ ಎಂಬ ತಂತ್ರಾಂಶ. ನಿಮ್ಮ ಮಾಹಿತಿಯ ನಕಲು ಹಲವು ಸರ್ವರ್‌ಗಳಲ್ಲಿ ಇರುತ್ತದೆ. ಎಲ್ಲದರಲ್ಲೂ ಬರೆಯಬಹುದು. ಬರೆದದ್ದನ್ನು ಅವು ಆಮೇಲೆ ಒಂದಕ್ಕೊಂದು ಕಳಿಸಿಕೊಳ್ಳುತ್ತವೆ. ಸಾಮಾನ್ಯವಾಗಿ ಇದು ಬೇಗ ಮುಗಿಯುತ್ತದೆ, ನಡುವಿನ ಸಂಪರ್ಕ ಕಡಿದರೆ ಗಂಟೆಗಟ್ಟಲೆ ಹಿಡಿಯಬಹುದು. ಆ ಹೊತ್ತಿನಲ್ಲಿ ಒಂದು ಕಡೆ ‘ಯುಐಡಿ=ಆಶಾ’ (ಯುಐಡಿ ಅಂದರೆ ಬಳಕೆದಾರರ ಲಾಗಿನ್ ಹೆಸರು) ಅಂತ ಖಾತೆ ತೆರೆಯುತ್ತಾರೆ ಅಂದುಕೊಳ್ಳಿ. ಇನ್ನೊಂದು ಕಡೆ, ಡೈರೆಕ್ಟರಿಯ ಅದೇ ಶಾಖೆಯ (ವಿಭಾಗದ) ಕೆಳಗೆ, ಬೇರೊಬ್ಬ ಆಶಾ ಅವರಿಗೆ ಅದೇ ಹೆಸರು ಕೊಡುತ್ತಾರೆ. ಎರಡೂ ಸರ್ವರ್ ಒಪ್ಪಿಕೊಳ್ಳುತ್ತವೆ. ಒಂದೇ ಹೆಸರು ಎರಡು ಸಲ ಬರದಂತೆ ತಡೆಯುವ ಪ್ಲಗಿನ್ ಇದೆ ಅಲ್ವಾ ಅಂತ ಕೇಳಬಹುದು. ಇದೆ, ಆದರೆ ಅದು ನೋಡುವುದು ತನ್ನ ಸರ್ವರ್‌ನ ನಕಲನ್ನು ಮಾತ್ರ. ಇನ್ನೂ ತಲುಪದ ಎಂಟ್ರಿ ಅದರ ಕಣ್ಣಿಗೆ ಬೀಳುವುದಿಲ್ಲ.

ಸಂಪರ್ಕ ಮರಳಿದ ಮೇಲೆ ಒಂದೇ ಡಿಎನ್‌ಗೆ, ಅಂದರೆ ಶಾಖೆಯೂ ಸೇರಿದ ಎಂಟ್ರಿಯ ಪೂರ್ತಿ ಹೆಸರಿಗೆ, ಇಬ್ಬರು ಹಕ್ಕುದಾರರು. ಯಾರು ಮೊದಲು ಅಂತ ತಿಳಿಯಲು ಪ್ರತಿ ಬದಲಾವಣೆಗೂ ಸಿಎಸ್‌ಎನ್ ಎಂಬ ಸಂಖ್ಯೆ ಇರುತ್ತದೆ, ಅದರೊಳಗೆ ಸಮಯವೂ ಸರ್ವರ್‌ನ ಗುರುತೂ ಇರುತ್ತವೆ. ಒಬ್ಬರ ಫೋನ್ ನಂಬರ್ ಎರಡು ಕಡೆ ಬದಲಾಗಿದ್ದರೆ ಕೊನೆಯದು ಉಳಿಯುತ್ತದೆ. ಹೆಸರಿನ ವಿಷಯದಲ್ಲಿ ಇದು ಉಲ್ಟಾ. ಮೊದಲು ಸೇರಿದ ಎಂಟ್ರಿ ಹೆಸರನ್ನು ಉಳಿಸಿಕೊಳ್ಳುತ್ತದೆ. ಆಮೇಲಿನದರ ಹೆಸರಿಗೆ ‘ಎನ್‌ಎಸ್‌ಯುನಿಕ್‌ಐಡಿ’ ಎಂಬ ಉದ್ದನೆಯ ಗುರುತು ಅಂಟಿಕೊಳ್ಳುತ್ತದೆ, ಜೊತೆಗೆ ಕಾನ್‌ಫ್ಲಿಕ್ಟ್ (ಹೆಸರಿನ ಘರ್ಷಣೆ) ಎಂಬ ಗುರುತೂ ಬೀಳುತ್ತದೆ. (ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿಯಲ್ಲಿ ಇಂಥದ್ದೇ ಘರ್ಷಣೆಯ ‘ಸಿಎನ್‌ಎಫ್’ ಎಂಟ್ರಿ ನೋಡಿದವರು ಗಮನಿಸಿ: ಅಲ್ಲಿ ಹೆಸರು ಉಳಿಯುವುದು ಹೊಸದಕ್ಕೆ.)

ಹಳೆಯ ಆವೃತ್ತಿಗಳಲ್ಲಿ ಆಶಾ ಅಂತ ಹುಡುಕಿದರೆ ಎರಡು ಎಂಟ್ರಿ ಬರುತ್ತಿದ್ದವು. ಒಂದನ್ನೇ ನಿರೀಕ್ಷಿಸುವ ಅಪ್ಲಿಕೇಶನ್‌ಗಳು ಇಬ್ಬರನ್ನೂ ಒಳಗೆ ಬಿಡುತ್ತಿರಲಿಲ್ಲ. ಹೊಸ ಆವೃತ್ತಿಗಳಲ್ಲಿ ಕಾನ್‌ಫ್ಲಿಕ್ಟ್ ಎಂಟ್ರಿ ಸಾಮಾನ್ಯ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಮೊದಲನೆಯವರಿಗೆ ತೊಂದರೆ ತಪ್ಪಿತು, ಆದರೆ ಎರಡನೆಯವರ ಖಾತೆ ಇದ್ದಕ್ಕಿದ್ದಂತೆ ಕಾಣೆಯಾಗುತ್ತದೆ.

ನಮಗೆ ಜಾಸ್ತಿ ಚಿಂತೆ ಇರುವುದು ಗುಂಪುಗಳ ಬಗ್ಗೆ. ಗುಂಪಿನ ಪಟ್ಟಿಯಲ್ಲಿ ಬರೆದಿರುವುದು ಡಿಎನ್. ಎರಡನೇ ಆಶಾ ಅವರನ್ನು ಸಂಬಳದ ಕಡತ ನೋಡುವ ಗುಂಪಿಗೆ ಸೇರಿಸಿದ್ದರೆ, ಆ ಡಿಎನ್ ಈಗ ಮೊದಲ ಆಶಾ ಅವರದ್ದು. ಕೊಟ್ಟದ್ದು ಒಬ್ಬರಿಗೆ, ಅನುಮತಿ ಸಿಕ್ಕಿದ್ದು ಇನ್ನೊಬ್ಬರಿಗೆ ಎನ್ನುವ ಹಾಗೆ ಆಗಬಹುದು. ಎಲ್ಲೂ ಎರರ್ ಬರುವುದಿಲ್ಲ. ಅದಕ್ಕೇ ಈ ಗೊಂದಲ ಹುಟ್ಟದಂತೆ ತಡೆಯುವುದು ಮೇಲು ಅನ್ನಿಸಿತು.

ಅಳಿಸುವ ಕೆಲಸವನ್ನೂ ಸೇರಿಸಿದ್ದು ಯಾಕೆಂದರೆ, ಒಂದು ಕಡೆ ಶಾಖೆ ಅಳಿಸಿ ಇನ್ನೊಂದು ಕಡೆ ಅದರ ಕೆಳಗೆ ಎಂಟ್ರಿ ಸೇರಿಸಿದರೆ ಅದು ಅನಾಥವಾಗುತ್ತದೆ. ಅದನ್ನು ಹಿಡಿದಿಡಲು ಸರ್ವರ್ ಅಳಿಸಿದ ಶಾಖೆಯ ಜಾಗದಲ್ಲಿ ‘ಗ್ಲೂ’ (ಅಂಟು) ಎಂಟ್ರಿ ಮಾಡಬೇಕಾಗುತ್ತದೆ.

ಈಗಾಗಲೇ ಇರುವ ಕಾನ್‌ಫ್ಲಿಕ್ಟ್‌ಗಳನ್ನು ನಾವು ಸುಮ್ನೆ ಅಳಿಸುವುದಿಲ್ಲ. ಯಾವ ಎಂಟ್ರಿಗೆ ಹೆಸರು ಅಂತ ಸರ್ವರ್ ತೀರ್ಮಾನಿಸಬಹುದು, ಯಾರು ನಿಜವಾದವರು ಅಂತ ನಿಮಗೆ ಮಾತ್ರ ಗೊತ್ತು. ಎರಡೂ ಎಂಟ್ರಿಗಳನ್ನು ಅಕ್ಕಪಕ್ಕ ಇಟ್ಟು ಕಳಿಸುತ್ತೇವೆ. ಇಬ್ಬರು ಬೇರೆ ಬೇರೆ ಜನರಾದರೆ ಎರಡನೆಯವರಿಗೆ ಹೊಸ ಯುಐಡಿ ಹೇಳಿ. ಒಬ್ಬರದೇ ಎರಡು ಎಂಟ್ರಿಯಾದರೆ ಯಾವುದು ಉಳಿಯಬೇಕು ಅಂತ ತಿಳಿಸಿ, ಅಡಗಿರುವುದೇ ಸರಿಯಾಗಿದ್ದರೆ ಅದಕ್ಕೆ ಹೆಸರು ಕೊಟ್ಟು ಇನ್ನೊಂದನ್ನು ತೆಗೆಯುತ್ತೇವೆ. ಗುಂಪುಗಳನ್ನೂ ನಿಮ್ಮ ಜೊತೆಗೇ ಪರಿಶೀಲಿಸುತ್ತೇವೆ. ನಿಮ್ಮ ಉತ್ತರ ಬರುವ ತನಕ ಎರಡನ್ನೂ ಮುಟ್ಟುವುದಿಲ್ಲ.

ಈ ವ್ಯವಸ್ಥೆಗೆ ಒಂದು ಬೆಲೆ ಇದೆ. ಆ ಒಂದು ಸರ್ವರ್ ನಿಂತರೆ ಹೊಸ ಖಾತೆ ತೆರೆಯುವುದು ಸ್ವಲ್ಪ ಹೊತ್ತು ತಡೆಯಬೇಕಾಗುತ್ತದೆ. ಅದು ನಿಜವಾಗಿ ನಿಂತಿದೆ ಅಂತ ಖಚಿತವಾದ ಮೇಲೆಯೇ ಇನ್ನೊಂದಕ್ಕೆ ಕೆಲಸ ಒಪ್ಪಿಸುತ್ತೇವೆ. ಅವಸರ ಮಾಡಿದರೆ ಮತ್ತೆ ಎರಡು ಕಡೆ ಬರೆಯುವ ಸ್ಥಿತಿಯೇ ಬರುತ್ತದೆ.

ನಿಮ್ಮಿಂದ ಆಗಬೇಕಾದ್ದು: ಖಾತೆ ತೆರೆಯುವ, ಹೆಸರು ಬದಲಿಸುವ, ಅಳಿಸುವ ಪ್ರೋಗ್ರಾಂಗಳ ಸೆಟ್ಟಿಂಗ್‌ನಲ್ಲಿ, ಇದರ ಜೊತೆ ಕಳಿಸಿರುವ ಹೊಸ ವಿಳಾಸ ಹಾಕಿ. ರಾತ್ರಿ ತಾನಾಗಿ ಓಡುವ ಸ್ಕ್ರಿಪ್ಟ್‌ಗಳನ್ನು ಮರೆಯಬೇಡಿ. ಹಳೆಯ ವಿಳಾಸಕ್ಕೆ ಹೋದ ಇಂಥ ಕೋರಿಕೆಗಳು ಮುಂದಿನ ತಿಂಗಳಿಂದ ತಿರಸ್ಕೃತವಾಗುತ್ತವೆ. ಬದಲಿಸುವಾಗ ತೊಡಕಾದರೆ ಈ ಪತ್ರಕ್ಕೇ ಉತ್ತರಿಸಿ, ನಾವೇ ಜೊತೆ ಕೂತು ಮಾಡಿಕೊಡುತ್ತೇವೆ.

ನಿಮ್ಮ ಡೈರೆಕ್ಟರಿ ಸೇವಾ ತಂಡ