ಅಂಗನವಾಡಿಯ 27 ವರ್ಷಗಳಲ್ಲಿ ನನ್ನ ಜೊತೆ ನಿಂತವರಿಗೆ

ಟಿ. ನರಸೀಪುರ ತಾಲ್ಲೂಕಿನ ನಮ್ಮೂರ ಅಂಗನವಾಡಿಯಲ್ಲಿ 1998ರಿಂದ ಸಹಾಯಕಿಯಾಗಿದ್ದ ನಾನು, 60 ವರ್ಷ ತುಂಬಿದ್ದರಿಂದ ಕಳೆದ ತಿಂಗಳು ಸೇವೆಯಿಂದ ನಿವೃತ್ತಳಾದೆ. ಬೀಳ್ಕೊಡುಗೆಯ ದಿನ ಹಾರ ಹಾಕಿ ನಾಲ್ಕು ಮಾತನಾಡಲು ಹೇಳಿದಾಗ ಗಂಟಲು ಕಟ್ಟಿಹೋಯಿತು. ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ರಾಜ್ಯದಲ್ಲಿ 1975ರ ಅಕ್ಟೋಬರ್ 2ರಂದು ಮೊದಲು ಆರಂಭವಾದದ್ದು ನಮ್ಮ ತಾಲ್ಲೂಕಿನಲ್ಲೇ. ಆಗ ಹತ್ತು ವರ್ಷದವಳಾಗಿದ್ದ ನಾನು, ಮುಂದೊಂದು ದಿನ ಊರಿನ ಮಕ್ಕಳೆಲ್ಲ ನನ್ನನ್ನು ಆಯಮ್ಮ ಎಂದು ಕರೆಯುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಮೊದಲ ಕೃತಜ್ಞತೆ ನಮ್ಮ ಟೀಚರಿಗೆ, ಅಂದರೆ ನಮ್ಮ ಕೇಂದ್ರದ ಕಾರ್ಯಕರ್ತೆಗೆ ಸಲ್ಲಬೇಕು. ಸಹಾಯಕಿ ಎಂದರೆ ಕಸ ಗುಡಿಸಿ, ನೀರು ತಂದು, ಅಡುಗೆ ಮಾಡುವವಳೆಂದೇ ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಒಮ್ಮೆ ಮೂರು ವರ್ಷದ ಹುಡುಗನೊಬ್ಬ ಸೇರಿದ. ತಿಂಗಳಾದರೂ ಅವನು ಯಾರೊಡನೆಯೂ ಮಾತನಾಡದೆ, ನಾನು ಹೋದಲ್ಲೆಲ್ಲ ನನ್ನ ಸೆರಗು ಹಿಡಿದು ತಿರುಗುತ್ತಿದ್ದ. ಒಂದು ಬೆಳಿಗ್ಗೆ ನಾನು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾಗ ಪಕ್ಕದಲ್ಲಿ ಕುಳಿತವನು ಎರಡು ಬೆರಳಿನಿಂದ ಒಂದು ಕಾಳನ್ನು ಎತ್ತಿ, ನನ್ನ ಅಂಗೈಯಲ್ಲಿಟ್ಟು, "ನೆಲ್ಲು" ಎಂದ. ಅಂಗನವಾಡಿಯಲ್ಲಿ ನಾವು ಕೇಳಿದ ಅವನ ಮೊದಲ ಮಾತು ಅದು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಟೀಚರು, ಅಡುಗೆ ತಡವಾಯಿತೆಂದು ಗದರಲಿಲ್ಲ. ಮಾರನೆಯ ದಿನ ಮನೆಯಿಂದ ಹುಣಸೆಬೀಜ, ಅವರೆಕಾಳು ತಂದು ಮಕ್ಕಳನ್ನೆಲ್ಲ ನನ್ನ ಸುತ್ತ ಕೂರಿಸಿ, "ಅಕ್ಕ, ಇವತ್ತಿನ ಪಾಠ ನಿಮ್ಮದು" ಎಂದರು. ಬೇರೆ ಮಾಡುವುದು, ಎಣಿಸುವುದು, ದೊಡ್ಡದು ಚಿಕ್ಕದು ಹೇಳುವುದು ಎಲ್ಲವೂ ಅಲ್ಲಿಂದ ನಡೆಯಿತು. ಬೆರಳಿಗೆ ಆ ಹಿಡಿತ ಬಂದ ಮೇಲೆಯೇ ಬಳಪ ನಿಲ್ಲುವುದೆಂದು ಅವರು ನನಗೆ ತಿಳಿಸಿಕೊಟ್ಟರು. ನನಗಿಂತ ಹದಿನೈದು ವರ್ಷ ಚಿಕ್ಕವರಾದರೂ ಈ ಕೆಲಸದಲ್ಲಿ ಅವರೇ ನನ್ನ ಗುರು.

ಕೊರೊನಾ ಕಾಲದಲ್ಲಿ ಮುಚ್ಚಿದ ಕೇಂದ್ರಗಳು ಮತ್ತೆ ತೆರೆದದ್ದು 2021ರ ನವೆಂಬರ್ 8ರಂದು. ಅಲ್ಲಿಯವರೆಗೆ ಮನೆಮನೆಗೆ ಆಹಾರ ಪದಾರ್ಥ ಹೊತ್ತು ನಡೆದಾಗ, ಹೊಸಿಲಾಚೆ ನಿಲ್ಲಿಸದೆ ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟ ತಾಯಂದಿರನ್ನೂ, ಬಿಸಿಲಲ್ಲಿ ಜೊತೆಗೆ ಹೆಜ್ಜೆ ಹಾಕಿದ ಆಶಾ ಕಾರ್ಯಕರ್ತೆಯರನ್ನೂ ನಾನು ಮರೆಯಲಾರೆ. ಗೌರವಧನ ಮೂರು ತಿಂಗಳು ಬಾರದಿದ್ದ ಒಂದು ವರ್ಷ, ಲೆಕ್ಕದ ಪುಸ್ತಕ ತೋರಿಸದೆ ಸಾಮಾನು ಕಟ್ಟಿಕೊಟ್ಟ ನಮ್ಮೂರ ಅಂಗಡಿಯ ಅಣ್ಣನ ಋಣವೂ ದೊಡ್ಡದು.

ಎಂದೂ ಕಾಣದವರಿಗೂ ಒಂದು ನಮಸ್ಕಾರ ಹೇಳಬೇಕಿದೆ. ಗುಜರಾತಿನ ಅಂಗನವಾಡಿ ಸಹೋದರಿಯರು ನಡೆಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2022ರ ಏಪ್ರಿಲ್ 25ರಂದು, ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ 1972ರ ಕಾಯ್ದೆಯಂತೆ ಗ್ರಾಚ್ಯುಟಿ, ಅಂದರೆ ಸೇವೆ ಮುಗಿದಾಗ ಕೊಡುವ ಇಡಿಗಂಟು, ಸಲ್ಲಬೇಕೆಂದು ತೀರ್ಪಿತ್ತಿತು. ಮೂರರಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿಯಲ್ಲಿ ನಡೆಯುವುದು ಶಿಕ್ಷಣದ ಕೆಲಸ, ಅಲ್ಲಿ ಕಲಿಸುವವರಲ್ಲಿ ಸಹಾಯಕಿಯರೂ ಸೇರಿದ್ದಾರೆ ಎಂಬ ಮಾತು ಆ ತೀರ್ಪಿನಲ್ಲಿದೆ. ಟೀಚರು ಅದನ್ನು ಓದಿ ಹೇಳಿದ ದಿನ ನಾನು ಒಲೆ ಆರಿಸಿ ಬಂದು, ಮತ್ತೊಮ್ಮೆ ಓದಿಸಿ ಕೇಳಿದೆ. ಹಣಕ್ಕಿಂತ ಹೆಚ್ಚಾಗಿ ಆ ಒಂದು ಮಾತಿಗಾಗಿ, ಊರೂರುಗಳಲ್ಲಿ ಧರಣಿ ಕೂತ ನನ್ನ ಸಂಗಾತಿಗಳೆಲ್ಲರಿಗೂ ನಾನು ಕೃತಜ್ಞಳು.

ಬೆಳಗಿನ ಜಾವವೇ ಎದ್ದು ಮನೆಗೆಲಸ ಹಂಚಿಕೊಂಡ ನನ್ನ ಯಜಮಾನರಿಗೆ, ಸೊಸೆಗೆ ಏನು ಹೇಳಿದರೂ ಕಡಿಮೆಯೇ.

ನನ್ನ ಜಾಗಕ್ಕೆ ಬಂದಿರುವ ತಂಗಿಗೆ ಬೀಗದ ಕೈ ಒಪ್ಪಿಸಿದ್ದೇನೆ. ಹಾಲಿನ ಪುಡಿಯನ್ನು ಗಂಟಾಗದಂತೆ ಕದಡುವುದನ್ನೂ, ಯಾವ ಮಗುವಿಗೆ ಖಾರ ಆಗದೆಂಬುದನ್ನೂ ಹೇಳಿದ್ದೇನೆ. ಬಾಗಿಲಲ್ಲಿ ಅಳುತ್ತ ನಿಂತ ಮಗುವಿದ್ದರೆ ಒಲೆ ಹಚ್ಚುವ ಮೊದಲು ಅದರ ಪಕ್ಕ ಕೂತುಕೊಳ್ಳಮ್ಮ ಎಂದೆ. ಆಕೆ ತಲೆಯಾಡಿಸಿ, ಮೊರ ಎಲ್ಲಿದೆಯಕ್ಕ ಎಂದು ಕೇಳಿದಳು.