ಹೆಬ್ಬೆರಳಿನ ಮರೆಯಲ್ಲಿ ಬೈಸನ್

ಸಾಲ್ಟ್ ಲೇಕ್ ಸಿಟಿ

ತೀರ್ಥರೂಪರಾದ ಅಪ್ಪನವರಿಗೆ,

ಮಗಳು ಮಾಡುವ ನಮಸ್ಕಾರಗಳು. ನಾವೆಲ್ಲರೂ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ, ತಪ್ಪದೆ ತಿಳಿಸಿ.

"ನಾಲ್ಕು ದಿನ ಮಕ್ಕಳನ್ನು ಕಟ್ಟಿಕೊಂಡು ಆ ಕಾಡಿನಲ್ಲಿ ಏನು ಮಾಡಿದಿರಿ?" ಎಂದು ಭಾನುವಾರ ಫೋನಿನಲ್ಲಿ ಕೇಳಿದಿರಿ. ಮಾತು ಅರ್ಧಕ್ಕೇ ಕಡಿದುಹೋಯಿತು. ಬರೆದೇ ಹೇಳಿದರೆ ಸರಿ ಎನಿಸಿತು.

ನಾವು ಹೋದದ್ದು ಅಮೆರಿಕದ ಯೆಲ್ಲೋಸ್ಟೋನ್‌ಗೆ. ಅದು 1872ರಲ್ಲಿ ಆದದ್ದು, ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ. ಅಲ್ಲಿ ಮಕ್ಕಳಿಗೆ 'ಜೂನಿಯರ್ ರೇಂಜರ್' ಎಂಬ ಪುಸ್ತಿಕೆ ಕೊಡುತ್ತಾರೆ. ಅದರಲ್ಲಿರುವ ಕೆಲಸಗಳನ್ನು ಮಾಡಬೇಕು, ಕಾಲುದಾರಿಯಲ್ಲಿ ನಡೆಯಬೇಕು, ರೇಂಜರ್ ಹೇಳುವ ಪಾಠವನ್ನು ಕೂತು ಕೇಳಬೇಕು. ಪುಸ್ತಿಕೆ ಕೈಗೆ ಬಂದ ಗಳಿಗೆಯಿಂದ ನಮ್ಮ ಮಕ್ಕಳು ಮೊಬೈಲ್ ಕೇಳಲೇ ಇಲ್ಲ. ಅವರಿಗೆ ಕೆಲಸವಿತ್ತು.

ಓಲ್ಡ್ ಫೇತ್‌ಫುಲ್ ಎಂಬ ಬಿಸಿನೀರಿನ ಬುಗ್ಗೆ ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ. ಮುಂದಿನ ಸಲ ಯಾವಾಗ ಎಂಬುದನ್ನು ಹತ್ತು ನಿಮಿಷ ಹಿಂದುಮುಂದಾಗಿ ಮೊದಲೇ ಹೇಳಿಬಿಡುತ್ತಾರೆ. ಅದು ಹೇಗೆ ಗೊತ್ತಾಗುತ್ತದೆ ಎಂದು ಪುಟ್ಟ ಕೇಳಿದ. ರೇಂಜರ್ ಉತ್ತರ ಹೇಳಲಿಲ್ಲ. "ಎಷ್ಟು ಹೊತ್ತು ಚಿಮ್ಮುತ್ತದೆ, ನೀನೇ ಅಳೆದು ಬಾ" ಎಂದರು. ಗಡಿಯಾರ ಹಿಡಿದು ನಿಂತ. ನಾಲ್ಕು ನಿಮಿಷ ದಾಟಿತು. ಹೆಚ್ಚು ಹೊತ್ತು ಚಿಮ್ಮಿದರೆ ಮುಂದಿನದಕ್ಕೆ ಹೆಚ್ಚು ಕಾಯಬೇಕು, ಬೇಗ ನಿಂತರೆ ಮುಂದಿನದೂ ಬೇಗ ಎಂದು ಆಮೇಲೆ ವಿವರಿಸಿದರು. ಪುಟ್ಟ ಥಟ್ಟನೆ, "ಅಜ್ಜನ ಮನೆಯ ಬಚ್ಚಲಿನ ಹಂಡೆಯ ಹಾಗೆ! ಎಲ್ಲರೂ ಸ್ನಾನ ಮಾಡಿ ಖಾಲಿಯಾದರೆ ಮತ್ತೆ ತುಂಬಿ ಕಾಯಲು ಹೊತ್ತು ಬೇಕು" ಎಂದ. ಅಪ್ಪಾ, ಆಗ ನನ್ನ ಕಣ್ಣು ತುಂಬಿ ಬಂತು. ಎರಡು ಬೇಸಿಗೆ ನಿಮ್ಮ ಬಳಿ ಇದ್ದದ್ದು ಅವನಲ್ಲಿ ಉಳಿದಿದೆ.

ಇನ್ನೊಂದು ಕೊಳವಿದೆ, ನಡುವೆ ಕಡುನೀಲಿ, ಅಂಚಿಗೆ ಹಳದಿ, ಕಿತ್ತಳೆ. ಅಂಚಿನ ಆ ಬಣ್ಣ ಬಿಸಿನೀರಿನಲ್ಲೇ ಬದುಕುವ ಸೂಕ್ಷ್ಮಜೀವಿಗಳದು. ಪುಟ್ಟಿ ತನ್ನ ಬಣ್ಣದ ಕಡ್ಡಿಗಳನ್ನೆಲ್ಲ ಅಲ್ಲೇ ಮುಗಿಸಿದಳು. ಕೊರೋನಾ ಕಾಲದ ಪಿಸಿಆರ್ ಪರೀಕ್ಷೆಗೆ ಬೇಕಾದ ಕಿಣ್ವ ಮೊದಲು ದೊರೆತದ್ದೂ 1960ರ ದಶಕದಲ್ಲಿ ಇಲ್ಲಿಯ ಬುಗ್ಗೆಗಳಲ್ಲಿ ಕಂಡ ಒಂದು ಬ್ಯಾಕ್ಟೀರಿಯಾದಿಂದ. ನಿಮಗೆ ಹಿಡಿಸುವ ಸಂಗತಿಯೆಂದು ಬರೆದೆ.

ಮೂರನೆಯ ದಿನ ಬೈಸನ್‌ಗಳ ಹಿಂಡು ರಸ್ತೆಗೆ ಅಡ್ಡ ನಿಂತಿತು. ನಮ್ಮ ಕಾಟಿಯ ದಾಯಾದಿಗಳು, ಮೈತುಂಬ ಉಣ್ಣೆ. ಅವುಗಳಿಂದ 25 ಗಜ, ಕರಡಿ ತೋಳಗಳಿಂದ 100 ಗಜ ದೂರವಿರಬೇಕು. ಮಕ್ಕಳು ಗಜ ಅಳೆಯುವುದು ಹೇಗೆ? ಕೈ ನೀಡಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಬೇಕು. ಪ್ರಾಣಿ ಪೂರ್ತಿ ಬೆರಳಿನ ಮರೆಗೆ ಹೋದರೆ ಸರಿ, ಇಲ್ಲವಾದರೆ ಹಿಂದೆ ಸರಿಯಬೇಕು. ನಿಮ್ಮ ಅಳಿಯಂದಿರು ಫೋಟೋಕ್ಕೆಂದು ಕಾರಿನ ಬಾಗಿಲು ತೆರೆದರು. ಪುಟ್ಟ ಹೆಬ್ಬೆರಳು ಎತ್ತಿ ನೋಡಿ, "ಮುಚ್ಚುತ್ತಿಲ್ಲ, ಒಳಗೆ ಬನ್ನಿ" ಎಂದ. ಅವರು ಮರುಮಾತಿಲ್ಲದೆ ಒಳಗೆ ಬಂದು ಕೂತರು.

ಕೊನೆಯ ದಿನ ರೇಂಜರ್ ಪುಟಪುಟವನ್ನೂ ತಿರುವಿ ನೋಡಿದರು. ಪುಟ್ಟಿ ಬಿಟ್ಟಿದ್ದ ಒಂದು ಪುಟವನ್ನು ಅಲ್ಲೇ ಕೂರಿಸಿ ಮಾಡಿಸಿದರು. ಆಮೇಲೆ ಬಲಗೈ ಎತ್ತಿಸಿ ಪ್ರತಿಜ್ಞೆ ಹೇಳಿಸಿ, ಅಂಗಿಗೆ ಹೊಲಿಯುವ ಲಾಂಛನ ಕೊಟ್ಟರು.

ಈಗ ನನ್ನ ಬೇಡಿಕೆ. ಡಿಸೆಂಬರಿನಲ್ಲಿ ಬಂದಾಗ ನಾಗರಹೊಳೆಗೆ ಹೋಗೋಣ. ನಾವು ಹೋದಾಗಲೆಲ್ಲ ಜೀಪಿನಲ್ಲಿ ಕೂತು, ಹುಲಿ ಕಾಣದಿದ್ದರೆ ಮುಖ ಸಪ್ಪಗೆ ಮಾಡಿಕೊಂಡು ಮರಳಿದವರು. ನೀವು ಮೂವತ್ತು ವರ್ಷ ಹುಣಸೂರಿನ ಮಕ್ಕಳಿಗೆ ವಿಜ್ಞಾನ ಕಲಿಸಿದವರು. ಒಂದು ನೋಟ್‌ಪುಸ್ತಕದಲ್ಲಿ ಹತ್ತು ಪುಟ ನಮ್ಮ ಕಾಡಿಗಾಗಿ ಬರೆಯುತ್ತೀರಾ? ಆನೆಯ ಲದ್ದಿಯಲ್ಲಿ ಏನೇನಿದೆ, ಮತ್ತಿಮರದ ತೊಗಟೆ ಮೊಸಳೆಯ ಚರ್ಮದಂತಿದೆಯೇ, ಮುಸುವ ಕೂಗಿದಾಗ ಜಿಂಕೆಗಳು ಏನು ಮಾಡುತ್ತವೆ, ಇಂಥವು. ಪುಟ್ಟ ಒತ್ತಕ್ಷರಕ್ಕೆ ಇನ್ನೂ ತಡವರಿಸುತ್ತಾನೆ, ದಪ್ಪಕ್ಷರದಲ್ಲಿ ಬರೆಯಿರಿ. ಲಾಂಛನ ಅಮ್ಮ ಹೊಲಿದುಕೊಡಲಿ.

ಇತಿ,
ನಿಮ್ಮ ಮಗಳು