ಕೆಂಪು ಲೈಬ್ರರಿ, ಹಳದಿ ಹೂವು, ನಿನ್ನ ಹಾಲ್ ಗೋಡೆ

ಪ್ರೀತಿಯ ಗೆಳೆಯಾ,

ಹೊಸ ಮನೆಯ ಹಾಲ್‌ಗೆ ಕಬ್ಬನ್ ಪಾರ್ಕಿನ ಲೈಬ್ರರಿ ಫೋಟೋ ಬೇಕು, ಜೊತೆಗೆ ಗುಲಾಬಿ ಬಣ್ಣದ ಟಬೂಬಿಯಾ ಮರದ ಹೂ ತುಂಬಿರಬೇಕು ಅಂದಿದ್ದೆಯಲ್ಲ. ಫೋಟೋ ತೆಗೆದಿದ್ದೇನೆ, ಆದರೆ ನಿನಗೆ ಕೊಡುವುದು ಹಳದಿ ಹೂವಿನದು. ಯಾಕೆ ಅಂತ ಕೇಳಿ ಆಮೇಲೆ ಬೈ.

ಗುಲಾಬಿ ಟಬೂಬಿಯಾ ಮೊಬೈಲಿನಲ್ಲಿ ಚೆಂದ, ನೀಲಿ ಆಕಾಶ ಹಿಂದಿದ್ದರೆ ಇನ್ನೂ ಚೆಂದ. ಆ ಕಟ್ಟಡದ ಕೆಂಪಿನ ಮುಂದೆ ಮಾತ್ರ ಎರಡೂ ಕಲಸಿಹೋಗುತ್ತವೆ, ಪ್ರಿಂಟ್ ಹಾಕಿಸಿದರೆ ಹೂವು ಯಾವುದು ಗೋಡೆ ಯಾವುದು ಗೊತ್ತಾಗುವುದಿಲ್ಲ. ಹಳದಿ ಟಬೂಬಿಯಾ ಫೆಬ್ರವರಿ, ಮಾರ್ಚಿನ ಹೊತ್ತಿಗೆ ಹೂ ಬಿಡುತ್ತದೆ. ಹೂ ಬಿಡುವ ಮುಂಚೆ ಎಲೆ ಉದುರಿಸುವ ಮರ ಅದು, ಹಾಗಾಗಿ ಕೊಂಬೆಗಳ ಸಂದಿಯಲ್ಲಿ ಕಿಟಕಿ, ಕಂಬ, ಕೆಂಪು ಗೋಡೆಯ ಬಿಳಿ ಅಂಚು ಎಲ್ಲ ಕಾಣುತ್ತವೆ. ಕಾಂಡ ನೋಡಿದ್ದೀಯಾ? ಸೊಟ್ಟಗೆ ಬೆಳೆದಿರುತ್ತದೆ, ತೊಗಟೆ ದಪ್ಪ, ಬೂದು ಬಣ್ಣ, ಉದ್ದಕ್ಕೂ ಬಿರುಕು, ಒತ್ತಿದರೆ ಬಾಟಲಿಯ ಕಾರ್ಕ್ ಬಿರಡೆ ಮುಟ್ಟಿದ ಹಾಗೆ. ಆ ಕಾಂಡವನ್ನು ಫೋಟೋದ ಎಡಗಡೆ ಇಟ್ಟುಕೊಂಡಿದ್ದೇನೆ. ನನಗಂತೂ ಹೂವಿಗಿಂತ ಅದೇ ಜಾಸ್ತಿ ಇಷ್ಟವಾಯಿತು.

ಭಾನುವಾರ ಬೆಳಿಗ್ಗೆ ಬೇಗ ಹೋಗಿದ್ದೆ. ಅವತ್ತು ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಕಟ್ಟಡದ ಮುಂದೆ ಕಾರು ನಿಂತಿರುವ ತಲೆನೋವಿಲ್ಲ. ಬಿಸಿಲು ಏರಿದರೆ ಫೋಟೋದಲ್ಲಿ ಬಿಳಿ ಅಂಚುಗಳ ವಿವರವೇ ಕಾಣದೆ ಬರೀ ಬೆಳ್ಳಗಾಗುತ್ತವೆ, ಕೆಂಪು ವಿಪರೀತ ಆಗುತ್ತದೆ. ಹತ್ತಿರ ನಿಂತು ಕ್ಯಾಮೆರಾ ಮೇಲೆತ್ತಿದರೆ ಫೋಟೋದಲ್ಲಿ ಕಟ್ಟಡ ಹಿಂದಕ್ಕೆ ವಾಲಿದ ಹಾಗೆ ಕಾಣುತ್ತದೆ, ಹಾಗಾಗಿ ದೂರ ಹೋಗಿ ಕ್ಯಾಮೆರಾ ನೇರ ಹಿಡಿದು, ಮುಂದಿನ ನೆಲವನ್ನು ಆಮೇಲೆ ಕತ್ತರಿಸಿದೆ. ಅಡ್ಡ ಬಂದಿದ್ದು ಒಂದು ಲೈಟ್ ಕಂಬ. ಬೈಯೋಣ ಅಂದರೆ ಬಾಯಿ ಬರಲಿಲ್ಲ ಮಾರಾಯ. 1915ರಲ್ಲಿ ಈ ಲೈಬ್ರರಿ ಕಟ್ಟಡ ಕಟ್ಟಿಸಿದ್ದೇ ಶೇಷಾದ್ರಿ ಅಯ್ಯರ್ ನೆನಪಿಗೆ. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದರು, ಶಿವನಸಮುದ್ರದ ವಿದ್ಯುತ್ ಯೋಜನೆ ಶುರುವಾಗಿದ್ದು ಅವರ ಕಾಲದಲ್ಲಿ, ಆ ಕರೆಂಟು 1905ರಲ್ಲಿ ಬೆಂಗಳೂರಿನ ಬೀದಿಗೂ ಬಂತು. ಅವರ ಪ್ರತಿಮೆ ಅಲ್ಲೇ ಎದುರಿಗೆ ನಿಂತಿರುವಾಗ ಲೈಟ್ ಕಂಬಕ್ಕೆ ಬೈಯುವುದು ಹೇಗೆ? ಸುಮ್ನೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ.

ಇನ್ನು ಪ್ರಿಂಟ್ ವಿಷಯ. ಕತ್ತರಿಸಿದ ಮೇಲೆ ಉಳಿದ ಫೈಲು 6000×4000 ಪಿಕ್ಸೆಲ್, ಅಂದರೆ 20×30 ಇಂಚಿಗೆ ಹಾಕಿಸಿದರೂ ಇಂಚಿಗೆ 200 ಪಿಕ್ಸೆಲ್ ಸಿಗುತ್ತದೆ. ಸೋಫಾದಲ್ಲಿ ಕೂತು ನೋಡುವುದಕ್ಕೆ ಧಾರಾಳ ಸಾಕು. ಕ್ಯಾನ್‌ವಾಸ್ ಬೇಡ, ಅಂಚು ಚೌಕಟ್ಟಿನ ಹಿಂದಕ್ಕೆ ಮಡಚುತ್ತಾರೆ, ಎಡಗಡೆಯ ಕಾಂಡ ಅರ್ಧ ಹೋಗುತ್ತದೆ. ಹೊಳಪಿಲ್ಲದ ಮ್ಯಾಟ್ ಪೇಪರ್ ಹೇಳು, ನಿಮ್ಮ ಹಾಲ್‌ನಲ್ಲಿ ಎದುರಿಗೇ ಕಿಟಕಿ ಇದೆ, ಹೊಳೆಯುವ ಗ್ಲಾಸಿ ಆದರೆ ಲೈಬ್ರರಿ ಬದಲು ಕಿಟಕಿಯೇ ಕಾಣುತ್ತದೆ. ದೊಡ್ಡದು ಹಾಕಿಸುವ ಮುಂಚೆ 8×12ರದ್ದು ಒಂದು ಹಾಕಿಸಿ ನೋಡು, ಸ್ಕ್ರೀನಿಗಿಂತ ಪ್ರಿಂಟ್ ಸಾಮಾನ್ಯವಾಗಿ ಸ್ವಲ್ಪ ಕಪ್ಪಾಗೇ ಬರುತ್ತದೆ, ಕೆಂಪಿನಲ್ಲಂತೂ ಬೇಗ ಗೊತ್ತಾಗುತ್ತದೆ.

ಗುಲಾಬಿಯದೇ ಬೇಕು ಅಂತ ಹಟ ಹಿಡಿದರೆ ಅದೂ ಇದೆ, ಕಳಿಸುತ್ತೇನೆ, ಬೆಡ್‌ರೂಮಿಗೆ ಚಿಕ್ಕದಾಗಿ ಹಾಕಿಕೊ. ಹಾಲ್ ಗೋಡೆಗೆ ಮಾತ್ರ ನನ್ನ ಮಾತು ಕೇಳು. ಸೋಫಾದ ಮೇಲೆ ಎಷ್ಟು ಜಾಗ ಇದೆ ಅಂತ ಟೇಪ್ ಹಿಡಿದು ಅಳೆದು ತಿಳಿಸು, ಗೋಡೆ ಬಣ್ಣ ಯಾವುದು ಅಂತಲೂ ಬರೆ.

ನಿನ್ನವ